ತಿಲಗವತಿ ಕೇಳಿದ ಎರಡನೇ ಲೋಟ

ಮಾರ್ಕಯನ್‌ಕೋಟ್ಟೈಯಿಂದ ಚಿನ್ನಮನೂರಿಗೆ ಹೋಗುವ ದಾರಿಯಲ್ಲಿ, ಕಾಲುವೆ ದಾಟಿದ ಕೂಡಲೇ ಕಾಳಿಮುತ್ತುವಿನ ದ್ರಾಕ್ಷಿ ತೋಟ. ಕಲ್ಲುಕಂಬ, ತಂತಿಯ ಚಪ್ಪರ, ಅದರಡಿ ನಡುಹಗಲಲ್ಲೂ ಹಸಿರು ನೆರಳು. ಬೆಳೆಯುವುದು ಪನ್ನೀರ್ ದ್ರಾಕ್ಷಿ. ಕಪ್ಪು ಹಣ್ಣು, ಬಾಯಿಗಿಟ್ಟರೆ ಗುಲಾಬಿ ನೀರಿನ ಪರಿಮಳ. ಆ ಕಣಿವೆಯಲ್ಲಿ ಪನ್ನೀರ್ ಬೆಳೆಯದವರೇ ಕಡಿಮೆ. ಆದ್ದರಿಂದ ನೆಂಟರಿಷ್ಟರಲ್ಲಿ ಕಾಳಿಮುತ್ತುವಿಗೆ ಇದ್ದ ಹೆಸರು ತೋಟದಿಂದ ಬಂದದ್ದಲ್ಲ. ಪಂಪ್‌ಸೆಟ್ ಕೋಣೆಯ ಮೂಲೆಯಲ್ಲಿ ಮರಳಿನೊಳಗೆ ಕತ್ತಿನವರೆಗೆ ಹೂತಿಟ್ಟ ಪಿಂಗಾಣಿ ಜಾಡಿಗಳಿಂದ ಬಂದದ್ದು.

ಮದುವೆಯಾದ ವರ್ಷವೇ ಅವನು ದ್ರಾಕ್ಷಾರಸ ಹಾಕಲು ಶುರುಮಾಡಿದ್ದ. ಕಿವುಚಿದ ಹಣ್ಣು, ಸಕ್ಕರೆ, ಒಂದು ಹಿಡಿ ಗೋಧಿ, ನಾಲ್ಕು ಲವಂಗ. ಬಾಯಿಗೆ ಬಟ್ಟೆ ಕಟ್ಟಿ ಬಿಟ್ಟರೆ ಮುಗಿಯಿತು. ಮನೆಯಲ್ಲಿ ಇಂಥದ್ದನ್ನು ಮಾಡುವುದು ಕಾನೂನಿಗೆ ವಿರುದ್ಧ ಎಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಯಾರೂ ಅದನ್ನು ಅದರ ಹೆಸರಿನಿಂದ ಕರೆಯುತ್ತಿರಲಿಲ್ಲ; "ಕಷಾಯ" ಎನ್ನುತ್ತಿದ್ದರು. ಪೊಂಗಲ್‌ಗೋ ನಿಶ್ಚಿತಾರ್ಥಕ್ಕೋ ನೆಂಟರು ಸೇರಿದರೆ, ಊಟವಾದ ಮೇಲೆ ಗಂಡಸರು ಒಬ್ಬೊಬ್ಬರಾಗಿ ತೋಟ ನೋಡುವ ನೆಪದಲ್ಲಿ ಎದ್ದು ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಪಾಂಡಿ ಚಿತ್ತಪ್ಪ. ಕಾಳಿಮುತ್ತುವಿನ ಅಪ್ಪನ ತಮ್ಮ, ಕುಲದ ಹಿರಿಯ. ಅವರು ಮೊದಲ ಗುಟುಕು ಕುಡಿದು ಮೀಸೆ ಒರೆಸಿಕೊಂಡು, "ನಮ್ ಕಾಳಿ ಕೈಯೇ ಕೈ ಕಣಪ್ಪಾ" ಎಂದರೆ ಸಾಕು, ಕಾಳಿಮುತ್ತು ಆ ಮಾತಿನ ಮೇಲೆ ಮುಂದಿನ ಹಬ್ಬದವರೆಗೆ ಬದುಕುತ್ತಿದ್ದ.

ಒಂದು ಕೊರತೆ ಮಾತ್ರ ಇತ್ತು. ಹೆಂಡತಿ ತಿಲಗವತಿ ಅದನ್ನು ಕುಡಿಯುತ್ತಿರಲಿಲ್ಲ. ಹೊಸ ಜಾಡಿ ತೆಗೆದಾಗಲೆಲ್ಲ ಅವನು ಒಂದು ಸಣ್ಣ ಲೋಟದಲ್ಲಿ ಅಡುಗೆಮನೆಗೆ ತಂದು ಕೊಡುತ್ತಿದ್ದ. ಅವಳು ತುಟಿಗೆ ತಾಗಿಸಿ, "ಚೆಂದಾಗೈತೆ" ಎಂದು ಲೋಟವನ್ನು ಕಟ್ಟೆಯ ಮೇಲಿಡುತ್ತಿದ್ದಳು. ಸಂಜೆ ಅದು ಅಲ್ಲೇ ಇರುತ್ತಿತ್ತು, ಇರುವೆ ಮುತ್ತಿಕೊಂಡು. ಹೆಂಗಸಿಗೆ ಈ ರುಚಿ ಹತ್ತುವುದಿಲ್ಲ ಎಂದು ಅವನು ಸಮಾಧಾನ ಮಾಡಿಕೊಂಡಿದ್ದ.

ಹೀಗಿರುವಾಗ ತಿಲಗವತಿಯ ತಮ್ಮ ರಾಜ್‌ಕುಮಾರ್ ಊರಿಗೆ ಹಿಂತಿರುಗಿದ. ಅವನು ಫ್ರಿಜ್, ಏಸಿ ರಿಪೇರಿಯ ಕೆಲಸ ಬಲ್ಲವನು. ಬೆಂಗಳೂರಿನಲ್ಲಿ ತಾವೇ ಬಿಯರ್ ತಯಾರಿಸಿ ಮಾರುವ ಒಂದು ಹೋಟೆಲಿನ ಶೀತಲ ಯಂತ್ರಗಳನ್ನು ಕೆಲವು ವರ್ಷ ನೋಡಿಕೊಂಡಿದ್ದ. ಪೈಪಿಗೆ ಗ್ಯಾಸು ತುಂಬಲು ಹೋದವನು ಪಕ್ಕದ ಕಡಾಯಿಯಲ್ಲಿ ಏನು ಕುದಿಯುತ್ತಿದೆ ಎಂದು ನೋಡಿ, ಕೇಳಿ, ಕೊನೆಗೆ ಅದನ್ನೇ ಕಲಿತುಕೊಂಡು ಬಂದಿದ್ದ. ಈಗ ದಿಂಡಿಗಲ್ಲಿನಲ್ಲಿ ಬಸ್ ನಿಲ್ದಾಣದ ಹಿಂದೆ ಸ್ವಂತ ಅಂಗಡಿ ಹಾಕಿದ್ದ. ವಾಸ ಬಾಡಿಗೆ ಮನೆಯಲ್ಲಿ. ಮೇಲಿನ ಮಹಡಿಯಲ್ಲೇ ಮನೆಯ ಯಜಮಾನ.

ಒಂದು ಭಾನುವಾರ ರಾಜ್‌ಕುಮಾರ್ ಸಣ್ಣ ಲಾರಿಯಲ್ಲಿ ಒಂದು ಹಳೆಯ ಫ್ರಿಜ್ಜು, ಬಿರಿಯಾನಿ ಅಂಡೆ, ಪ್ಲಾಸ್ಟಿಕ್ ಡ್ರಮ್ಮು ಹೇರಿಕೊಂಡು ತೋಟಕ್ಕೆ ಬಂದ.

"ಮಾಮಾ, ನಿಮ್ ಪಂಪ್‌ಸೆಟ್ ರೂಮಲ್ಲಿ ಒಂದು ಮೂಲೆ ಬೇಕು. ದಿಂಡಿಗಲ್ ಮನೇಲಿ ಇದ್ನ ಕುದಿಸಿದ್ರೆ ವಾಸನೆ ಇಡೀ ಬೀದೀಗೆ ಹೊಡೀತದೆ."

"ಏನ್ ಮಾಪ್ಳೆ ಇದು?" ಎಂದು ಕಾಳಿಮುತ್ತು ಭಾವಮೈದುನನನ್ನು ಕೇಳಿದ.

"ನೀವು ದ್ರಾಕ್ಷೀಲಿ ಮಾಡ್ತೀರಿ, ನಾ ಬಾರ್ಲೀಲಿ ಮಾಡ್ತೀನಿ. ಅಷ್ಟೇ."

ಕಾಳಿಮುತ್ತು ನಕ್ಕು ಒಪ್ಪಿದ. ತನ್ನ ಕೋಣೆಯಲ್ಲಿ, ತನ್ನ ಅನುಮತಿಯಿಂದ, ತನ್ನ ಭಾವಮೈದುನ ಏನೋ ಆಟ ಆಡುತ್ತಾನೆ. ಅದರಲ್ಲೂ ಒಂದು ದೊಡ್ಡಸ್ತಿಕೆ ಕಂಡಿತು.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ರಾಜ್‌ಕುಮಾರ್ ತರಿತರಿಯಾಗಿ ಒಡೆಸಿ ತಂದಿದ್ದ. ಅದನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿ ನೆನೆಸಿದಾಗ ಕೋಣೆಯೆಲ್ಲ ಹುರಿದ ರಾಗಿಯ ಗಂಜಿಯ ವಾಸನೆ. ಚೀಲ ಎತ್ತಿ, ಆ ಸಿಹಿನೀರನ್ನು ಕುದಿಸುತ್ತಾ ಅವನು ಒಂದು ಬೆಳ್ಳಿ ಬಣ್ಣದ ಪೊಟ್ಟಣ ಕತ್ತರಿಸಿದ. ಒಳಗೆ ಹಸಿರು ಗುಳಿಗೆಗಳು. ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಒಣಗಿಸಿ, ಪುಡಿಮಾಡಿ, ಒತ್ತಿ ಮಾಡಿದ್ದು. ಮಜ್ಜಿಗೆ ಕೊಡಲು ಬಂದಿದ್ದ ತಿಲಗವತಿ ಪೊಟ್ಟಣಕ್ಕೆ ಮೂಗು ಹಿಡಿದಳು.

"ತಂಬಿ, ಇದು ಉಪ್ಪಿನಕಾಯಿ ಹಾಕೋ ನಾರ್ತಂಗಾಯಿ ತೊಗಟೆ ವಾಸನೆ ಅಲ್ವಾ? ಒಂಚೂರು ಮಾವಿನ ಸೊನೇನೂ ಐತೆ."

"ಅದೇ ಅಕ್ಕಾ! ಇದ್ನ ಜಾಸ್ತಿ ಹಾಕಿದ್ರೆ ಕಸಪ್ಪು ಜಾಸ್ತಿ, ಹಾಗಲಕಾಯಿ ಥರ. ನಾ ಮಾಡ್ತಿರೋದು ಬಲೇ ಕಸಪ್ಪಿಂದು. ಇಂಡಿಯಾ ಪೇಲ್ ಏಲ್ ಅಂತಾರೆ. ವೆಳ್ಳೆಕ್ಕಾರರು ಇಂಗ್ಲೆಂಡಿಂದ ಹಡಗಲ್ಲಿ ಇಂಡಿಯಾಗೆ ಕಳ್ಸೋವಾಗ, ದಾರೀಲಿ ಕೆಡಬಾರ್ದು ಅಂತ ಈ ಹೂವ ಜಾಸ್ತಿ ಹಾಕ್ತಿದ್ರಂತೆ."

ಅವಳು ಮಜ್ಜಿಗೆ ಚೊಂಬು ಇಟ್ಟು ಅಲ್ಲೇ ಕುಳಿತಳು. ಕುದಿಯುವುದು ಮುಗಿದು, ಆರಿಸಿ, ಡ್ರಮ್ಮಿಗೆ ಸುರಿದು, ಯೀಸ್ಟ್ ಹಾಕಿ ಫ್ರಿಜ್ಜಿನೊಳಗೆ ಇಡುವವರೆಗೆ ಎದ್ದು ಹೋಗಲಿಲ್ಲ. ಗಂಡನ ಜಾಡಿಗಳ ಬಳಿ ಅವಳು ಅಷ್ಟು ಹೊತ್ತು ಒಮ್ಮೆಯೂ ಕುಳಿತದ್ದಿಲ್ಲ. ಕಾಳಿಮುತ್ತು ಅದನ್ನು ಗಮನಿಸಿದ.

ಕೆಲವು ವಾರ ಕಳೆದು ಮೊದಲ ಬಾಟಲಿಗಳು ಸಿದ್ಧವಾದವು. ರಾಜ್‌ಕುಮಾರ್ ನೆಂಟರನ್ನು ಕರೆಸಿದ. ಪಾಂಡಿ ಚಿತ್ತಪ್ಪ ಗುಟುಕು ಕುಡಿದವರೇ ಹೊರಗೆ ಹೋಗಿ ಬಾಳೆಗಿಡದ ಬುಡಕ್ಕೆ ಉಗುಳಿದರು.

"ಅಯ್ಯೋ! ಬೇವಿನಕಾಯಿ ಅರ್ದು ಕೊಟ್ಟವ್ನಲ್ಲಪ್ಪಾ! ಹೊಟ್ಟೆಹುಳಕ್ಕೆ ಮದ್ದಾ ಇದು?"

ಎಲ್ಲರೂ ನಕ್ಕರು. ಕಾಳಿಮುತ್ತುವಿನ ನಗು ಎಲ್ಲರಿಗಿಂತ ದೊಡ್ಡದು. ಅವನು ಉದಾರವಾಗಿ ಭಾವಮೈದುನನ ಬೆನ್ನು ತಟ್ಟಿ, "ಇರ್ಲಿ ಬಿಡು ಮಾಪ್ಳೆ, ಕಲೀತಾ ಕಲೀತಾ ಬರ್ತದೆ" ಎಂದು ತನ್ನ ಜಾಡಿಯ ಬಟ್ಟೆ ಬಿಚ್ಚಿದ. ಅಷ್ಟರಲ್ಲಿ ರಾಜ್‌ಕುಮಾರ್ ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಒಂದು ಲೋಟ ನೀಡಿದ್ದ.

ತಿಲಗವತಿ ಕಹಿ ರುಚಿಯ ಹೆಂಗಸು. ಹಾಗಲಕಾಯಿಗೆ ಬೆಲ್ಲ ಹಾಕುತ್ತಿರಲಿಲ್ಲ. ಬೇವಿನ ಹೂವಿನ ರಸ, ಉಪ್ಪಲ್ಲಿ ಒಣಗಿಸಿದ ಸುಂಡೆಕಾಯಿ ಇವೆಲ್ಲ ಆ ಮನೆಯಲ್ಲಿ ಅವಳೊಬ್ಬಳಿಗೇ. ಅವಳು ಗುಟುಕು ಬಾಯಿಗೆ ತುಂಬಿಕೊಂಡು, ನುಂಗಿ, ಕಣ್ಣು ಮುಚ್ಚಿ ನಿಂತಳು. ಆಮೇಲೆ ಲೋಟ ಖಾಲಿ ಮಾಡಿ ಮುಂದೆ ಚಾಚಿದಳು.

"ಇನ್ನೊಂದು ಲೋಟ ಕೊಡು ತಂಬಿ."

ಜಾಡಿಯಿಂದ ಬಗ್ಗಿಸುತ್ತಿದ್ದ ಕಾಳಿಮುತ್ತುವಿನ ಕೈ ಹಾಗೇ ನಿಂತಿತು. ಹೆಂಡತಿ ಕುಡಿದಳು ಎಂಬ ಸಂಕೋಚ ಅವನಿಗೆ ಆಗಲಿಲ್ಲ. ಮದುವೆಯಾದಂದಿನಿಂದ ಅವನು ಕೇಳಿಸಿಕೊಳ್ಳಲು ಕಾದಿದ್ದ ಮಾತು ಅದು. ಅದನ್ನು ಅವಳು ಇನ್ನೊಬ್ಬನಿಗೆ ಹೇಳಿದ್ದಳು, ಅದೂ ಚಿತ್ತಪ್ಪ ಉಗುಳಿದ ವಸ್ತುವಿಗೆ.

ಅಂದಿನಿಂದ ಅವನಿಗೆ ತೋಟದಲ್ಲಿ ಕೆಲಸ ಮಾಡುವಾಗಲೂ ನೆಮ್ಮದಿ ಇರಲಿಲ್ಲ. ಮುಂದಿನ ಸಲದ ಡ್ರಮ್ಮು ಫ್ರಿಜ್ಜಿನೊಳಗೆ ಹುದುಗುತ್ತಾ ಗುಳುಕ್ ಗುಳುಕ್ ಎನ್ನುತ್ತಿತ್ತು. ನೀರು ಹಾಯಿಸಲು ಮೋಟಾರ್ ಹಾಕಿದಾಗ ಮಾತ್ರ ಆ ಸದ್ದು ಅಡಗುತ್ತಿತ್ತು. ಹಾಗಾಗಿ ಅವನು ಬೇಕಿಲ್ಲದಿದ್ದರೂ ಮೋಟಾರ್ ಹಾಕುತ್ತಿದ್ದ. ಸಂಜೆ ತಿಲಗವತಿ ತಮ್ಮನಿಗೆ ಫೋನ್ ಮಾಡುತ್ತಿದ್ದಳು. ಮೊದಲೆಲ್ಲ ಅಮ್ಮನ ಮಂಡಿನೋವು, ಮಕ್ಕಳ ಓದು ಇಷ್ಟೇ ಇದ್ದ ಮಾತಿನಲ್ಲಿ ಈಗ ಹೊಸ ವಿಷಯ ಸೇರಿತ್ತು. "ಹೋದ್ಸಲದ್ದು ನಾಲಿಗೆ ಹಿಂದ್ಗಡೆ ತುಂಬಾ ಹೊತ್ತು ನಿಲ್ತು. ಆ ಹೂವ ಕುದಿಯೋವಾಗ ಕಮ್ಮಿ ಹಾಕಿ, ಇಳ್ಸಿದ್ಮೇಲೆ ಜಾಸ್ತಿ ಹಾಕಿ ನೋಡು." ಆ ಕಡೆಯಿಂದ ರಾಜ್‌ಕುಮಾರ್ ನಗುವುದು ಕೇಳಿಸುತ್ತಿತ್ತು. ಕಾಳಿಮುತ್ತು ಟೀವಿಯ ಸದ್ದು ಹೆಚ್ಚಿಸುತ್ತಿದ್ದ.

ಅಕ್ಕ ಹೇಳಿದಂತೆ ಮಾಡಿದ ಎರಡನೇ ಸಲದ್ದು ಬೇರೆಯೇ ಆಗಿ ಬಂತು. ಮೊದಲು ನಾರ್ತಂಗಾಯಿಯ ನಿಂಬೆಯಂಥ ಪರಿಮಳ, ಆಮೇಲೆ ಕಹಿ, ಆ ಕಹಿಯ ಹಿಂದೆ ಬಾಯೆಲ್ಲ ತೊಳೆದ ಹಾಗೆ. ಪಾಂಡಿ ಚಿತ್ತಪ್ಪ ಈ ಸಲ ಉಗುಳಲಿಲ್ಲ. ಮೂರನೇ ಸಲಕ್ಕೆ ಅವರೇ ಫೋನ್ ಮಾಡಿ, "ಏ ಕಾಳಿ, ನಿಮ್ ಮಾಪ್ಳೆ ಈ ವಾರ ಬತ್ತಾನಾ?" ಎಂದು ವಿಚಾರಿಸಿದರು. ಬಂದವರು ದ್ರಾಕ್ಷಾರಸದ ಜಾಡಿಯ ಕಡೆ ನೋಡಿ, "ಅದು ಬಲೇ ಸಿಹಿ, ಸಕ್ಕರೆ ಕಾಯ್ಲೆ ಇರೋರ್ಗೆ ಆಗಲ್ಲ" ಎನ್ನತೊಡಗಿದರು. ಅದೇ ಸಕ್ಕರೆ ಕಾಯಿಲೆ ಅವರಿಗೆ ಹೋದ ಪೊಂಗಲ್‌ನಲ್ಲೂ ಇತ್ತು.

ಕಾಳಿಮುತ್ತು ತಾನೂ ಕಹಿ ಮಾಡಿ ತೋರಿಸುತ್ತೇನೆಂದು ಹೊರಟ. ಒಂದು ಜಾಡಿಗೆ ನೆಲಬೇವಿನ ಕಷಾಯ ಬಸಿದು ಹಾಕಿದ. ಯಾರೂ ಇಲ್ಲದಾಗ ರುಚಿ ನೋಡಿದ. ಜ್ವರ ಬಂದಾಗ ಅಮ್ಮ ಮೂಗು ಹಿಡಿದು ಕುಡಿಸಿದ ಮದ್ದೇ ನೆನಪಾಯಿತು. ಇಡೀ ಜಾಡಿಯನ್ನು ತೆಂಗಿನ ಬುಡಕ್ಕೆ ಸುರಿದು, ಕೈ ತೊಳೆದುಕೊಂಡು ಮನೆಗೆ ಹೋದ. ಊಟಕ್ಕೆ ಕುಳಿತಾಗ ತಿಲಗವತಿ, "ಯಾಕೆ, ಬಾಯಿ ಹಂಗೆ ಮಾಡ್ಕೊಂಡಿದ್ದೀರಿ?" ಎಂದಳು. ಅವನು ಏನೂ ಇಲ್ಲ ಎಂದ.

ಪಾಂಡಿ ಚಿತ್ತಪ್ಪನ ಮೊಮ್ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ ನಿಗದಿಯಾಯಿತು. ಕಂಬಂ, ತೇವಾರಂ, ದಿಂಡಿಗಲ್ ಎಲ್ಲ ಕಡೆಯಿಂದ ನೆಂಟರು ಬರುವವರಿದ್ದರು. ಚಿತ್ತಪ್ಪ ಕಾಳಿಮುತ್ತುವಿನ ಎದುರೇ ರಾಜ್‌ಕುಮಾರನಿಗೆ, "ಆ ಕಸಪ್ಪು ಕಷಾಯ ನಿಂದೇ ಈ ಸಲ. ಎಲ್ಲಾರ್ಗೂ ಸಾಕಾಗಂಗೆ ಮಾಡ್ಬುಡು" ಎಂದರು. ಪ್ರತಿ ಶಾಸ್ತ್ರದಲ್ಲೂ ಕಾಳಿಮುತ್ತುವಿಗೆ ಹೇಳುತ್ತಿದ್ದ ಮಾತು ಅದು. ಅವನ ಕಡೆ ತಿರುಗಿ, "ನೀ ಹಣ್ಣು ಕೊಡ್ಸು, ತಾಂಬೂಲದ ಜೊತೆ ಕೊಡಾಕೆ" ಎಂದು ಸೇರಿಸಿದರು.

ಬಾಟಲಿಗೆ ತುಂಬುವ ದಿನ ರಾಜ್‌ಕುಮಾರ್ ಬೆಳಿಗ್ಗೆಯೇ ಬಂದ. ನೊರೆ ಬರಲೆಂದು ಡ್ರಮ್ಮಿಗೆ ಅಳತೆಯ ಸಕ್ಕರೆ ಕರಗಿಸಿ ಹಾಕಿ, ನಳಿಗೆಯಿಂದ ಬಾಟಲಿಗಳನ್ನು ತುಂಬಿದ. ಮುಚ್ಚಳ ಹೊಡೆಯುವ ಹೊತ್ತಿಗೆ ಫೋನ್ ಬಂತು. ದಿಂಡಿಗಲ್ಲಿನಲ್ಲಿ ಒಬ್ಬ ಮೀನಿನ ವ್ಯಾಪಾರಿಯ ಫ್ರೀಜರ್ ಕೆಟ್ಟು, ಮೀನೆಲ್ಲ ನೀರು ಬಿಡುತ್ತಿದೆ.

"ಮಾಮಾ, ಮುಚ್ಚಳ ಮಾತ್ರ ನೀವು ಹೊಡೆದ್ಬುಡಿ. ಬೇರೇನೂ ಮಾಡ್ಬೇಡಿ. ಸಕ್ಕರೆ ಒಂದು ಚಮಚ ಜಾಸ್ತಿ ಆದ್ರೂ ಗ್ಯಾಸು ತುಂಬ್ಕೊಂಡು ಬಾಟ್ಲಿ ತಡೆಯಲ್ಲ."

"ನೀ ಹೋಗು ಮಾಪ್ಳೆ, ನಾ ನೋಡ್ಕೋತೀನಿ."

ಬೈಕಿನ ಸದ್ದು ಕಾಲುವೆ ದಾಟಿತು. ಬಾಯಿ ತೆರೆದ ಬಾಟಲಿಗಳು ಸಾಲಾಗಿ ನಿಂತಿದ್ದವು. ಮೂಲೆಯಲ್ಲಿ ಅಂದೇ ಹಿಂಡಿದ ಪನ್ನೀರ್ ರಸದ ಪಾತ್ರೆ. ಕಾಳಿಮುತ್ತು ಮೊದಲ ಬಾಟಲಿಗೆ ಮುಚ್ಚಳ ಹೊಡೆದ. ಎರಡನೆಯದಕ್ಕೂ ಹೊಡೆದ. ಆಮೇಲೆ ಸೌಟು ಕೈಗೆ ತೆಗೆದುಕೊಂಡ.

ಆ ಹೊತ್ತಿನಲ್ಲಿ ಅವನ ಮನಸ್ಸಿನಲ್ಲಿದ್ದದ್ದು ಒಂದೇ ಆಸೆಯಲ್ಲ. ಆ ಕಹಿ ಕೆಡಬೇಕು, ನೆಂಟರೆಲ್ಲ ಮುಖ ಕಿವುಚಬೇಕು, ಅದೊಂದು. ತಿಲಗವತಿ ಲೋಟ ಎತ್ತಿದಾಗ ಅದರೊಳಗೆ ತನ್ನ ತೋಟವೂ ಇರಬೇಕು, ಗೊತ್ತಿಲ್ಲದೆಯಾದರೂ ಅವಳು ಅದನ್ನೂ ಎರಡನೇ ಸಲ ಕೇಳಬೇಕು, ಅದೂ ಒಂದು. ಬಾಟಲಿ ತಡೆಯಲ್ಲ ಎಂಬ ಮಾತು ಕಿವಿಗೆ ಬಿದ್ದಿತ್ತು. ತನ್ನ ಜಾಡಿಗಳು ಇಷ್ಟು ವರ್ಷದಲ್ಲಿ ಒಮ್ಮೆಯೂ ಒಡೆದಿರಲಿಲ್ಲ, ಅವನು ನಂಬಲಿಲ್ಲ. ಉಳಿದ ಪ್ರತಿಯೊಂದಕ್ಕೂ, ಬಣ್ಣ ಬದಲಾಗದಷ್ಟು, ಸ್ವಲ್ಪ ಸ್ವಲ್ಪ ರಸ ಸುರಿದು ಮುಚ್ಚಳ ಹೊಡೆದ. ಕೆಲಸ ಮುಗಿದಾಗ ಅವನಿಗೆ ಬಹಳ ದಿನಗಳ ಮೇಲೆ ಹಸಿವಾಯಿತು.

ಶಾಸ್ತ್ರದ ಹಿಂದಿನ ದಿನ ಮಧ್ಯಾಹ್ನ ಅವನು ಚಪ್ಪರದಡಿ ಗೊಂಚಲು ಕತ್ತರಿಸುತ್ತಿದ್ದ. ಬಿಸಿಲು ಜೋರಾಗಿತ್ತು. ತಿಲಗವತಿ ಬಾಟಲಿಗಳನ್ನು ಮಂಜುಗಡ್ಡೆಯ ಬಕೆಟ್ಟಿಗೆ ಹಾಕಲು ಪಂಪ್‌ಸೆಟ್ ಕೋಣೆಗೆ ಹೋದಳು. ದೀಪಾವಳಿಯ ಪಟಾಕಿಯಂಥ ಸದ್ದು ಕೇಳಿತು. ಹಿಂದೆಯೇ ಇನ್ನೊಂದು. ಕತ್ತರಿ ಬಿಸಾಡಿ ಓಡಿದ. ಅವಳು ಬಾಗಿಲ ಬಳಿ ಕುಳಿತು ಬಲಗೈಯನ್ನು ಎಡಗೈಯಿಂದ ಅಮುಕಿ ಹಿಡಿದಿದ್ದಳು. ಸೆರಗೆಲ್ಲ ರಕ್ತ. ಒಳಗೆ ಬಾಟಲಿಗಳು ಒಂದಾದ ಮೇಲೊಂದು ಸಿಡಿಯುತ್ತಿದ್ದವು.

ಆಸ್ಪತ್ರೆಯಲ್ಲಿ ನರ್ಸು ಕೇಳಿದಾಗ ತಿಲಗವತಿಯೇ ಹೇಳಿದಳು, "ಸೋಡಾ ಬಾಟ್ಲಿ ಒಡೀತು." ಗಾಜು ಅಂಗೈಯಲ್ಲಿ ಆಳಕ್ಕೆ ಇಳಿದಿತ್ತು. ಹೊಲಿಗೆ ಹಾಕಿದ ಡಾಕ್ಟರು, ಕೊನೆಯ ಎರಡು ಬೆರಳು ಮೊದಲಿನಂತೆ ಮಡಚುವುದು ಸಂದೇಹ ಎಂದರು. ಕಾಳಿಮುತ್ತು ಗೋಡೆಗೆ ಒರಗಿ ನಿಂತಿದ್ದ. ಯಾರಾದರೂ ತನ್ನನ್ನು ಏನಾದರೂ ಕೇಳಲಿ ಎನಿಸಿತು. ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ, ಶಾಸ್ತ್ರಕ್ಕೆ ಹೋಗುವ ಮೊದಲು, ರಾಜ್‌ಕುಮಾರ್ ಬಂದ. ಅಕ್ಕನ ಕೈ ನೋಡಿ ಅವನ ಮುಖ ಬಿಳಿಚಿಕೊಂಡಿತು. ಹೆಲ್ಮೆಟ್ ಹಾಕಿ, ತೋಳಿಗೆ ಗೋಣಿಚೀಲ ಸುತ್ತಿಕೊಂಡು, ಉಳಿದ ಬಾಟಲಿಗಳನ್ನು ಒಂದೊಂದಾಗಿ ಹೊರಗೆ ತಂದು ಮುಚ್ಚಳ ಸಡಿಲಿಸಿದ. ನೊರೆ ಅವನ ತಲೆಗಿಂತ ಮೇಲೆ ಚಿಮ್ಮಿತು.

"ಬೇಗ ತುಂಬಿಸ್ಬುಟ್ಟೆ ಅಕ್ಕಾ. ಇನ್ನೊಂದು ವಾರ ಕಾಯ್ಬೇಕಿತ್ತು. ಶಾಸ್ತ್ರಕ್ಕೆ ಅಂತ ಅವಸರ ಮಾಡ್ದೆ. ನಂದೇ ತಪ್ಪು" ಎಂದು ಹೆಲ್ಮೆಟ್ಟಿನೊಳಗಿಂದ ಹೇಳುತ್ತಲೇ ಇದ್ದ.

ತಿಲಗವತಿ ಬ್ಯಾಂಡೇಜಿನ ಕೈಯನ್ನು ಎದೆಗೆ ಆನಿಸಿಕೊಂಡು ನಿಂತಿದ್ದಳು. ನೊರೆ ಹಾರಿ ಕಲ್ಲುಕಂಬದ ಮೇಲೆ ಬಿದ್ದಿತ್ತು. ಎಡಗೈ ಬೆರಳಿನಿಂದ ಅದನ್ನು ಮುಟ್ಟಿ ನಾಲಿಗೆಗೆ ಇಟ್ಟಳು. ಇನ್ನೊಮ್ಮೆ ಇಟ್ಟಳು. ಆ ಕೋಣೆಯ ಸುತ್ತ ಯಾವಾಗಲೂ ಪನ್ನೀರ್ ವಾಸನೆಯೇ, ರಾಜ್‌ಕುಮಾರನ ಮೂಗಿಗೆ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಅವಳ ನಾಲಿಗೆಗೆ ತಿಳಿಯಿತು. ತಿರುಗಿ ಗಂಡನನ್ನು ನೋಡಿದಳು. ಅವನು ಬಗ್ಗಿ ಮೋಟಾರಿನ ಬೆಲ್ಟು ಸರಿಮಾಡತೊಡಗಿದ.

ರಾಜ್‌ಕುಮಾರ್ ಡ್ರಮ್ಮು, ಅಂಡೆ ಎಲ್ಲವನ್ನೂ ಗುಜರಿಗೆ ಹಾಕಿದ. ಇನ್ನು ಆ ಕೆಲಸ ಮುಟ್ಟುವುದಿಲ್ಲ ಎಂದು ಅಮ್ಮನ ಮೇಲೆ ಆಣೆ ಮಾಡಿದ. ಪಂಪ್‌ಸೆಟ್ ಕೋಣೆ ಮತ್ತೆ ಕಾಳಿಮುತ್ತುವಿನದಾಯಿತು. ಮುಂದಿನ ಹಬ್ಬಕ್ಕೆ ಪಾಂಡಿ ಚಿತ್ತಪ್ಪ ದ್ರಾಕ್ಷಾರಸದ ಲೋಟ ಎತ್ತಿ, "ಏನಂದ್ರೂ ನಮ್ ಕಾಳಿ ಕೈಯೇ ಕೈ" ಎಂದರು. ಅವನು ಕಾದಿದ್ದ ಮಾತು ಬಂದಿತ್ತು. ಅದನ್ನು ಕೇಳಿ ಹೊರಗೆ ಹೋಗಿ ಕಾಲುವೆಯ ಕಟ್ಟೆಯ ಮೇಲೆ ಕುಳಿತುಬಿಟ್ಟ.

ಮನೆಯಲ್ಲಿ ತಿಲಗವತಿ ಜಗಳವಾಡಲಿಲ್ಲ. ಅನ್ನ ಬಡಿಸಿದಳು, ಬಟ್ಟೆ ಎತ್ತಿಟ್ಟಳು, ಎಲ್ಲ ಎಡಗೈಯಲ್ಲಿ. ಅವನೇ ಒಂದು ದಿನ ತಡೆಯಲಾರದೆ ಕೇಳಿದ.

"ನಿಂಗೆ ಗೊತ್ತು, ಅಲ್ವಾ?"

"ಗೊತ್ತು."

"ತಂಬಿಗೆ ಯಾಕೆ ಹೇಳ್ಲಿಲ್ಲ?"

"ನಾ ಯಾಕೆ ಹೇಳ್ಲಿ? ಅವ್ನು ದಿನಾ ಫೋನ್ ಮಾಡಿ ಅಳ್ತಾವ್ನೆ, ನಿನ್ ಕೈ ನಾನೇ ಕೆಡ್ಸಿದೆ ಅಂತ. ಹೇಳ್ಬೇಕಾದೋರು ಹೇಳ್ಲಿ."

ಮರುದಿನ ಅವನು ದಿಂಡಿಗಲ್ ಬಸ್ ಹತ್ತಿದ. ರಾಜ್‌ಕುಮಾರ್ ಅಂಗಡಿಯಲ್ಲಿ, ಹಿಂಬದಿ ಬಿಚ್ಚಿದ ಒಂದು ಫ್ರಿಜ್ಜಿನ ಮುಂದೆ ಕುಳಿತಿದ್ದ. ಸೊರಗಿ ಹೋಗಿದ್ದ. ಕಾಳಿಮುತ್ತು ಸ್ಟೂಲಿನ ಮೇಲೂ ಕೂರದೆ ನಿಂತೇ ಹೇಳಿದ. ಸೌಟು, ಪನ್ನೀರ್ ರಸ, ಎಲ್ಲ.

ಮೊದಲು ರಾಜ್‌ಕುಮಾರನ ಮೈಯಿಂದ ಭಾರ ಇಳಿದಂತೆ ಭುಜಗಳು ಸಡಿಲವಾದವು. ಕಣ್ಣು ಒರೆಸಿಕೊಂಡ. "ಹಂಗಾದ್ರೆ ನಂದಲ್ಲ" ಎಂದ. ಆಮೇಲೆ ಎದ್ದು ನಿಂತ.

"ಯಾಕೆ? ನಿಂಗೆ ನಾ ಏನ್ ಮಾಡಿದ್ದೆ?"

ಹುಡುಗನಾಗಿದ್ದಾಗಿನಿಂದ ಮಾಮನನ್ನು 'ನೀವು' ಎಂದೇ ಕರೆದವನು ಮೊದಲ ಸಲ 'ನಿಂಗೆ' ಎಂದಿದ್ದ. ಕಾಳಿಮುತ್ತು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು.

"ಅವ್ಳು ನಿನ್ ಹತ್ರ ಇನ್ನೊಂದು ಲೋಟ ಕೇಳಿದ್ಳು" ಎಂದ. "ನನ್ ಹತ್ರ ಒಂದಿನಾನೂ ಕೇಳ್ಲಿಲ್ಲ."

ರಾಜ್‌ಕುಮಾರ್ ಕೈಯಲ್ಲಿದ್ದ ಸ್ಪ್ಯಾನರನ್ನು ಫ್ರಿಜ್ಜಿನ ಮೇಲೆ ಇಟ್ಟು, "ಇದಕ್ಕಾ?" ಎಂದ. ಮತ್ತೆ, "ಹೋಗು ಇಲ್ಲಿಂದ" ಎಂದ.

ಆ ವರ್ಷ ರಾಜ್‌ಕುಮಾರ್ ಮಾರ್ಕಯನ್‌ಕೋಟ್ಟೈಗೆ ಬರಲಿಲ್ಲ. ಚಿತ್ತಪ್ಪ ಕೇಳಿದರೆ ಕೆಲಸ ಜಾಸ್ತಿ ಎನ್ನುತ್ತಿದ್ದ; ನೆಂಟರಿಗೆ ಅವನೂ ಹೇಳಲಿಲ್ಲ, ಅಕ್ಕನೂ ಹೇಳಲಿಲ್ಲ. ಆದರೆ ಅಕ್ಕ ದಿಂಡಿಗಲ್ಲಿಗೆ ಹೋಗತೊಡಗಿದಳು. ರಾಜ್‌ಕುಮಾರ್ ಊರಾಚೆ ಒಂದು ಒಂಟಿ ಮನೆಗೆ ಬಾಡಿಗೆ ಬದಲಿಸಿದ್ದ. ಆಣೆಯನ್ನು ಅಮ್ಮನೇ ಬಿಡಿಸಿದ್ದಳು; ಅಲ್ಲಿಗೆ ಹೊಸ ಅಂಡೆ, ಡ್ರಮ್ಮು ಬಂದಿದ್ದವು. ತಿಲಗವತಿ ಭಾನುವಾರ ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದಳು. ಸೀರೆಯಲ್ಲಿ ಹುರಿದ ಧಾನ್ಯದ ಹೊಗೆ, ಕೈಯಲ್ಲಿ ಆ ಹಸಿರು ಹೂವಿನ ಅಂಟು. ಎಷ್ಟು ಹೂವು, ಯಾವಾಗ ಎಂದು ಹೇಳುವವಳು ಈಗ ಅವಳೇ ಎಂದು ಪಾಂಡಿ ಚಿತ್ತಪ್ಪನಿಂದ ಕಾಳಿಮುತ್ತುವಿಗೆ ತಿಳಿಯಿತು. ಭಾನುವಾರಗಳಂದು ಅವನು ಚಪ್ಪರದಡಿ ಒಬ್ಬನೇ ಕೂರುತ್ತಿದ್ದ. ತಪ್ಪೊಪ್ಪಿಕೊಂಡರೆ ಹೊಟ್ಟೆಯ ಉರಿ ಆರುತ್ತದೆ ಎಂದುಕೊಂಡಿದ್ದ. ಆರಲಿಲ್ಲ. ಈಗ ಅದು ನಿಖರವಾಗಿ ದಿಂಡಿಗಲ್ಲಿನ ದಿಕ್ಕಿನಲ್ಲಿತ್ತು.

ಮಾವಿನ ಕಾಲ ಮುಗಿಯುವ ಹೊತ್ತಿಗೆ ಒಂದು ಶನಿವಾರ ತಿಲಗವತಿ, "ನಾಳೆ ನೀವೂ ಬನ್ನಿ" ಎಂದಳು.

"ಅವ್ನು ಕರ್ದನಾ?"

"ಇಲ್ಲ. ನಾ ಕರೀತಿದ್ದೀನಿ. ನಂಗೆ ಬಾಟ್ಲಿ ತೊಳೆಯಾಕೆ ಆಗಲ್ಲ, ಬೆರಳು ಮಡ್ಚಲ್ಲ. ನೀವು ತೊಳೀರಿ."

ಅವನು ಹೋದ. ರಾಜ್‌ಕುಮಾರ್ ಬಾಗಿಲಲ್ಲಿ ಅವನನ್ನು ನೋಡಿ ಒಳಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಹಿತ್ತಿಲ ಕಲ್ಲಿನ ಮೇಲೆ ಬಾಟಲಿಗಳ ಪೆಟ್ಟಿಗೆ, ಉದ್ದನೆಯ ಬ್ರಷ್ಷು ತಂದಿಟ್ಟ. ಕಾಳಿಮುತ್ತು ಪಂಚೆ ಎತ್ತಿ ಕಟ್ಟಿ ಕುಳಿತ. ಒಳಗೆ ಅಂಡೆ ಕುದಿಯುತ್ತಿತ್ತು. ಅಕ್ಕ ತಮ್ಮ ಏನೋ ಮಾತಾಡಿ ನಗುತ್ತಿದ್ದರು. ಪ್ರತಿ ನಗುವಿಗೂ ಅವನ ಎದೆಯಲ್ಲಿ ಮುಳ್ಳು ಆಡಿತು. ಅವನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಒಂದು ಕಲೆಯೂ ಉಳಿಯದಂತೆ ಉಜ್ಜಿ, ಕವುಚಿ ಇಟ್ಟು, ಇನ್ನೊಂದನ್ನು ತೆಗೆದುಕೊಳ್ಳುತ್ತಿದ್ದ.

ಮಧ್ಯಾಹ್ನ ರಾಜ್‌ಕುಮಾರ್ ಹೋದ ತಿಂಗಳದ್ದು ಒಂದು ಲೋಟ ತಂದು ಅವನ ಮುಂದಿಟ್ಟ. ಕಾಳಿಮುತ್ತು ಪೂರ್ತಿ ಕುಡಿದ. ಅವನಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ.

"ಹೆಂಗೈತೆ?" ಎಂದಳು ತಿಲಗವತಿ.

"ಕಸಪ್ಪು" ಎಂದ. "ನನ್ ಬಾಯಿಗೆ ಸೇರಲ್ಲ."

ರಾಜ್‌ಕುಮಾರ್ ಗಂಟಲಲ್ಲೇ ಏನೋ ಸದ್ದು ಮಾಡಿದ. ನಗುವೋ ಕೆಮ್ಮೋ ತಿಳಿಯಲಿಲ್ಲ. "ನೀವು ಬಾಟ್ಲಿ ಚೆನ್ನಾಗಿ ತೊಳ್ದಿದ್ದೀರಿ" ಎಂದು ಲೋಟ ಎತ್ತಿಕೊಂಡು ಹೋದ. 'ನೀವು' ಎಂದದ್ದನ್ನು ಕಾಳಿಮುತ್ತು ಕೇಳಿಸಿಕೊಂಡ.

ಸಂಜೆ ಗಂಡ ಹೆಂಡತಿ ತೇನಿಯ ಬಸ್ ಹಿಡಿದರು. ವತ್ತಲಗುಂಡು ದಾಟುವ ಮೊದಲೇ ತಿಲಗವತಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ಅವಳ ಮುಖದಲ್ಲಿ ಇನ್ನೂ ಆ ಹಗಲಿನ ಸಂತೋಷವಿತ್ತು. ಅದರಲ್ಲಿ ತನ್ನ ಪಾಲು ಎಷ್ಟೆಂದು ಅವನು ಯೋಚಿಸುತ್ತಾ ಕುಳಿತ. ಪೆರಿಯಕುಳದಲ್ಲಿ ಹತ್ತಿದವರೊಬ್ಬರು ಸ್ವಲ್ಪ ಸರಿಯಿರಿ ಎಂದಾಗ, ಅವಳಿಗೆ ಎಚ್ಚರವಾಗದಂತೆ ನಿಧಾನವಾಗಿ ಒಳಗೆ ಜರುಗಿ ಜಾಗ ಮಾಡಿಕೊಟ್ಟ.